ನೆರವಿಗೆ ಬಂದವನ ಪಾಲಾದ ಕೋಟೆ

ಸಿರುಗುಪ್ಪದ ಕಡೆಯಿಂದ ಎರೆಹೊಲಗಳ ನಡುವೆ ಸಾಗಿ ಬರುವ ಪ್ರಯಾಣಿಕನಿಗೆ ಬಳ್ಳಾರಿ ಊರಿಗಿಂತ ಮೊದಲು ಕಾಣಿಸುವುದು ಎರಡು ಬೋಳು ಬಂಡೆಗುಡ್ಡಗಳು. ಒಂದು ಬಳ್ಳಾರಿ ಗುಡ್ಡ. ಅದರ ನೆತ್ತಿಯ ಮೇಲೆ ಕೋಟೆ. ಮತ್ತೊಂದು ಕುಂಬಾರ ಗುಡ್ಡ; ಒಂದು ದಿಕ್ಕಿನಿಂದ ನೋಡಿದರೆ ಅದು ಮಲಗಿದ ಮನುಷ್ಯನ ಮುಖದಂತೆ ತೋರುತ್ತದೆ. ಈ ಕೋಟೆಯ ಕಥೆಯಲ್ಲಿ ಆ ಮುಖಕ್ಕೂ ಒಂದು ಪಾತ್ರವಿದೆ.

ಈ ಸೀಮೆಯಲ್ಲಿ ಮೊದಲು ಹೆಸರಾದದ್ದು ಬಳ್ಳಾರಿಯಲ್ಲ, ಕುರುಗೋಡು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮಾಂಡಲಿಕರಾದ ಸಿಂದರು ಕುರುಗೋಡಿನಲ್ಲಿ ಕುಳಿತು ಬಲ್ಲಕುಂದೆನಾಡನ್ನು ಆಳುತ್ತಿದ್ದರು. ಬಳ್ಳಾರಿ ಗುಡ್ಡಕ್ಕೆ ಭಾಗ್ಯ ತೆರೆದುದು ಬಹುಕಾಲದ ಮೇಲೆ, ವಿಜಯನಗರದ ದಿನಗಳಲ್ಲಿ. ಆ ಅರಸರಿಗೆ ಅಧೀನನಾಗಿದ್ದ ಹನುಮಪ್ಪನಾಯಕನು ಗುಡ್ಡದ ಮೇಲೆ ಕೋಟೆ ಕಟ್ಟಿಸಿದನು. ಹತ್ತುವುದಕ್ಕೆ ಇರುವುದು ಒಂದೇ ಕಡಿದಾದ ದಾರಿ. ಕುಡಿಯಲು ಬಂಡೆಯ ಸೀಳುಗಳಲ್ಲಿ ನಿಂತ ಮಳೆಯ ನೀರು. ಅಡಗಿ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲ. ಆದರೆ ದೊಡ್ಡ ದಂಡು ನಿಲ್ಲುವುದಕ್ಕೆ ಮೇಲೆ ಎಡೆಯಿಲ್ಲ. ಪಾಳೆಯಗಾರನಿಗೆ ಅಷ್ಟೇ ಸಾಕಾಗಿತ್ತು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ನಾಯಕರು ಬಿಜಾಪುರಕ್ಕೆ ಕಪ್ಪ ಕೊಟ್ಟರು. ಮುಂದೆ ಯಾರ ಕೈ ಮೇಲಾಯಿತೋ ಅವರಿಗೆ ಕೊಟ್ಟರು. 1678ರಲ್ಲಿ ಶಿವಾಜಿಯ ದಂಡಿನವರ ಮೇಲೆ ಕೋಟೆಯ ಕಾವಲಿನವರು ಬಿದ್ದರೆಂದೂ, ಅವನು ಕೋಟೆಯನ್ನು ಹಿಡಿದು, ಕಪ್ಪದ ಕರಾರಿನ ಮೇಲೆ ಮತ್ತೆ ನಾಯಕರಿಗೇ ಬಿಟ್ಟುಕೊಟ್ಟನೆಂದೂ ಇಲ್ಲಿನ ಇತಿಹಾಸ ಹೇಳುತ್ತದೆ. ಗೆದ್ದವನು ಹಿಂದಿರುಗಿಸಿದನು! ಆದರೆ ಒಂದು ನೂರು ವರ್ಷ ತುಂಬುವ ಮೊದಲೇ, ನೆಂಟನಂತೆ ಬಂದವನು ಹಿಂದಿರುಗಿಸದೆ ಹೋದನು.

ಆಗ ನಾಯಕನಾಗಿದ್ದವನು ದೊಡ್ಡಪ್ಪ. ಆದವಾನಿಯಲ್ಲಿದ್ದ ನಿಜಾಮನ ಸೋದರ ಬಸಾಲತ್ ಜಂಗನಿಗೆ ಅವನು ಕಪ್ಪ ಸಲ್ಲಿಸಬೇಕಾಗಿತ್ತು. ಸಲ್ಲಿಸಲಿಲ್ಲ. ಬಸಾಲತನ ಪದಾತಿ, ಫಿರಂಗಿಗಳು ಲಾಲಿ ಎಂಬ ಫ್ರೆಂಚ್ ಸೇನಾನಿಯೊಡನೆ ಬಂದು ಗುಡ್ಡಕ್ಕೆ ಮುತ್ತಿಗೆ ಹಾಕಿದವು. ದೊಡ್ಡಪ್ಪನು ಶ್ರೀರಂಗಪಟ್ಟಣದ ಹೈದರಾಲಿಗೆ ಮೊರೆಯಿಟ್ಟನು. ಮೊರೆ ಕೇಳಿದ ಹೈದರನು ತಡಮಾಡಲಿಲ್ಲ. ಹಗಲಿರುಳೆನ್ನದೆ ದಂಡನ್ನು ನಡೆಸಿ, ವೈರಿಗೆ ಸುದ್ದಿ ತಲುಪುವ ಮೊದಲೇ ಮುತ್ತಿಗೆಯವರ ಮೇಲೆ ಎರಗಿದನು. ಲಾಲಿ ತಪ್ಪಿಸಿಕೊಂಡು ಓಡಿದನು. ದೊಡ್ಡಪ್ಪನು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಅದು ಬಹಳ ಹೊತ್ತಿನ ನೆಮ್ಮದಿಯಲ್ಲ. ಹೈದರನು ಕೋಟೆಯನ್ನು ತಾನೇ ಇಟ್ಟುಕೊಂಡನು. ಇದು ನಡೆದುದು 1775ರ ಸುಮಾರಿನಲ್ಲಿ. ಅಲ್ಲಿಂದಲೇ ಅವನು ಗುತ್ತಿಯ ಮುರಾರಿರಾಯನ ಮೇಲೆ ಸಾಗಿದನು. 1776ರಲ್ಲಿ ಅದೂ ಬಿದ್ದಿತು. ಅಂದು ಓಡಿಹೋದ ಲಾಲಿಯೇ ಮುಂದೆ ಹೈದರನ ಚಾಕರಿಗೆ ಸೇರಿ, 1780ರ ಪೊಳ್ಳಿಲೂರು ಕದನದಲ್ಲಿ ಅವನ ಪಕ್ಷದಲ್ಲಿದ್ದನು. ಇಬ್ಬರ ಜಗಳದಲ್ಲಿ ಮನೆ ಕಳೆದುಕೊಂಡವನು ಕರೆಕಳಿಸಿದವನೊಬ್ಬನೇ.

ಹೈದರನು ಗುಡ್ಡದ ಪೂರ್ವದ ಬುಡದಲ್ಲಿ ಕಂದಕವುಳ್ಳ ಕೆಳಕೋಟೆಯನ್ನು ಕಟ್ಟಿಸಿದನು. ಕೆಲಸ ಮಾಡಿಸಿದವನು ಒಬ್ಬ ಫ್ರೆಂಚ್ ಎಂಜಿನಿಯರನೆಂದು ಪ್ರತೀತಿ. ಎಲ್ಲ ಮುಗಿದ ಮೇಲೆ, ಕುಂಬಾರ ಗುಡ್ಡವೇ ಕೋಟೆಗಿಂತ ಎತ್ತರವೆಂದೂ, ಅಲ್ಲಿ ಫಿರಂಗಿ ಏರಿಸಿದರೆ ಇಲ್ಲಿ ಉಳಿಗಾಲವಿಲ್ಲವೆಂದೂ ಹೈದರನ ಕಣ್ಣಿಗೆ ಬಿದ್ದಿತಂತೆ. ಎಂಜಿನಿಯರನನ್ನು ಬಾಗಿಲ ಮುಂದೆಯೇ ಗಲ್ಲಿಗೇರಿಸಿದನಂತೆ. ಪೂರ್ವದ ಬಾಗಿಲ ಬಳಿ ಅವನ ಗೋರಿಯೆಂದು ಒಂದನ್ನು ತೋರಿಸುತ್ತಿದ್ದುದೂ ಉಂಟು. ಕಥೆ ಸೊಗಸಾಗಿದೆ, ನಂಬುವುದು ಕಷ್ಟ. ಕುಂಬಾರ ಗುಡ್ಡ ಬಚ್ಚಿಟ್ಟ ವಸ್ತುವಲ್ಲ. ಬದುಕನ್ನೆಲ್ಲ ದಂಡಿನಲ್ಲಿ ಕಳೆದ ಹೈದರನಿಗೆ, ದನಕಾಯುವ ಹುಡುಗನಿಗೂ ಕಾಣುವ ಗುಡ್ಡ ಗೋಡೆ ಮುಗಿಯುವವರೆಗೆ ಕಾಣಲಿಲ್ಲವೆಂದರೆ ಹೇಗೆ?

ಮುಂದಿನ ಒಡೆಯರು ಗೋಡೆ ಹತ್ತಿ ಬಂದವರಲ್ಲ, ಕಾಗದದ ಮೇಲೆ ಬಂದವರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಇದನ್ನು ನಿಜಾಮನಿಗೆ ಬಿಟ್ಟನು. 1800ರಲ್ಲಿ ನಿಜಾಮನು ಸೈನ್ಯದ ಖರ್ಚಿಗೆಂದು ಕುಂಪಣಿಗೆ ಬಿಟ್ಟನು. ದತ್ತಮಂಡಲಕ್ಕೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಸುಮಾರು 80 ಪಾಳೆಯಗಾರರನ್ನು ಹದ್ದಿಗೆ ತಂದನು. ಪಾಳೆಯಗಾರರಿಲ್ಲದ ನಾಡಿನಲ್ಲಿ ಗುಡ್ಡದ ಕೋಟೆಗೆ ಏನು ಕೆಲಸ? ಸೆರೆಮನೆಯ ಕೆಲಸ. ಹೆಂಡತಿಯನ್ನು ಕೊಂದ ಕರ್ನೂಲಿನ ನವಾಬ ಮುಜಫ್ಫರ್ ಖಾನನನ್ನು 1823ರಿಂದ 1864ರವರೆಗೆ ಇಲ್ಲಿ ಇರಿಸಿದ್ದರು. ನಲವತ್ತೊಂದು ವರ್ಷ! ಕಟ್ಟಿಸಿದ ಹನುಮಪ್ಪನಾಯಕನಾದರೂ ಈ ಬಂಡೆಯ ಮೇಲೆ ಅಷ್ಟು ಇರುಳುಗಳನ್ನು ಕಳೆದಿದ್ದನೋ ಇಲ್ಲವೋ.

ಕೊನೆಯ ಹಸ್ತಾಂತರವೂ ಕಾಗದದ್ದೇ. ಆದರೆ ಈ ಬಾರಿ ಜನರ ಮಾತೂ ಅದರಲ್ಲಿ ಸೇರಿತ್ತು. ಮದರಾಸು ರಾಜ್ಯದಿಂದ ಆಂಧ್ರ ಬೇರೆಯಾದಾಗ ಬಳ್ಳಾರಿ ಯಾರದೆಂಬ ವಾದ ಬಿಸಿಯೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೂ, ಕುರುಗೋಡೂ, ಸಿರುಗುಪ್ಪವೂ ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ದಿನ ಆಲೂರು, ರಾಯದುರ್ಗಗಳೊಡನೆ ಆಂಧ್ರಕ್ಕೆ ಸೇರಿದುದು ಆದವಾನಿ: ಹಿಂದೆ ಕಪ್ಪ ಕೇಳಿ ಲಾಲಿಯನ್ನು ಕಳುಹಿಸಿದ ಊರು.