ತಂತಿ ಯಾಕೆ ಅಂಚು ದಾಟುತ್ತದೆ?

ಪ್ರಶ್ನೆ: ಹೊಸ ಎಲೆಕ್ಟ್ರಿಕ್ ಗಿಟಾರ್ ನುಡಿಸುವಾಗ ಅತಿ ತೆಳುವಾದ ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಆಚೆ ಜಾರುತ್ತದೆ. ತಪ್ಪು ನನ್ನ ಬೆರಳಿನದೇ?

ಬೆರಳನ್ನು ದೂರುವ ಮುನ್ನ ಗಿಟಾರನ್ನು ನೋಡಿ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಂಥ ಗಿಟಾರುಗಳಲ್ಲಿ ಕುತ್ತಿಗೆಯನ್ನು ದೇಹದ ಗುಳಿಯೊಳಗಿಟ್ಟು ಸ್ಕ್ರೂ ಬಿಗಿದಿರುತ್ತಾರೆ. ಗುಳಿ ತುಸು ಸಡಿಲವಿದ್ದರೆ ಕುತ್ತಿಗೆ ಓರೆಯಾಗುತ್ತದೆ. ಗುದ್ದಲಿಯ ಕಾವನ್ನೇ ನೋಡಿ: ಬುಡದಲ್ಲಿ ಕೂದಲೆಳೆಯಷ್ಟು ಓರೆ, ತುದಿಯಲ್ಲಿ ಬೆರಳಗಲ. ತಂತಿಗಳೇನೋ ತಲೆಯ ಬಳಿಯ ನಟ್‌ನಿಂದ ದೇಹದ ಮೇಲಿನ ಬ್ರಿಜ್‌ಗೆ ನೆಟ್ಟಗೇ ಓಡುತ್ತವೆ, ಕೆಳಗಿನ ಹಲಗೆ ಮಾತ್ರ ಸೊಟ್ಟ. ಹಾಗಾಗಿ ಹನ್ನೆರಡನೇ ಫ್ರೆಟ್ಟಿನಾಚೆ ತೆಳು ತಂತಿ ಅಂಚಿಗೆ ಅಂಟಿಕೊಂಡಿರುತ್ತದೆ. ಬೆರಳು ಸ್ವಲ್ಪ ಕೆಳಗೆಳೆದರೆ ಟಪ್ಪನೆ ಜಾರಿ, ಸ್ವರ ಅಲ್ಲೇ ಸಾಯುತ್ತದೆ.

ನಟ್‌ನ ಗೀರು ಅಂಚಿಗೆ ತೀರಾ ಹತ್ತಿರವಿದ್ದರೂ, ಫ್ರೆಟ್ಟಿನ ತುದಿಯನ್ನು ಅತಿಯಾಗಿ ಇಳಿಜಾರಾಗಿ ಉಜ್ಜಿದ್ದರೂ ಇದೇ ಪಾಡು.

ಎರಡು ಅಂಚಿನ ತಂತಿಗಳ ಹೊರಗೆ ಉಳಿದ ಜಾಗ ಹೋಲಿಸಿ. ಕುತ್ತಿಗೆ ಓರೆಯಾಗಿದ್ದರೆ ತಂತಿ ಸಡಿಲಿಸಿ, ಸ್ಕ್ರೂಗಳನ್ನು ಅರ್ಧ ಸುತ್ತು ಬಿಚ್ಚಿ, ಗಿಟಾರಿನ ತಲೆಯನ್ನು ದಪ್ಪ ತಂತಿಯ ಕಡೆಗೆ ಮೆಲ್ಲನೆ ಒತ್ತಿ ಮತ್ತೆ ಬಿಗಿದರೆ ಸಾಕು. ಆದರೆ ಇದು ಪೆಟ್ಟಿಗೆಗೆ ತುಂಬುವ ಮೊದಲೇ ಕಾರ್ಖಾನೆಯ ಕಣ್ಣಿಗೆ ಬೀಳಬೇಕಾದ ದೋಷ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟದೆ ಅಂಗಡಿಗೇ ಒಯ್ಯಿರಿ.