ಭೀಮೇಶ್ವರಿಯ ಉಕ್ಕಿನ ಹಗ್ಗ ನಮ್ಮ ತೋಟಗಳಿಗೆ ಹೇಳುವ ಮಾತು

ಮಳೆಗಾಲ ಹಿಂದೆ ಸರಿದು, ಅಡಿಕೆ ಕೊಯ್ಲು ಇನ್ನೂ ಬಿರುಸಾಗದ ದಿನಗಳಲ್ಲಿ ಬೆಳೆಗಾರರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಇಂಥ ಸಮಯದಲ್ಲಿ ಮನೆಮಂದಿಯೊಡನೆ ಒಂದು ದಿನ ಹೋಗಿಬರಲು ತಕ್ಕ ಸ್ಥಳ ಯಾವುದೆಂದು ಸದಸ್ಯ ಬಾಂಧವರು ಕೇಳುತ್ತಿರುತ್ತಾರೆ. ದೂರದ ದ್ವೀಪಗಳಲ್ಲಿ ಕಾಡಿನ ಮೇಲೆ ಹಗ್ಗದಲ್ಲಿ ಜಾರಿಸಿ, ಜಲಪಾತದ ಬುಡಕ್ಕೆ ಕರೆದೊಯ್ಯುವ ಸಾಹಸ ಪ್ರವಾಸಗಳ ಜಾಹೀರಾತುಗಳನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಅಂಥ ಹಗ್ಗವೂ ಇದೆ, ಜಲಪಾತವೂ ಇದೆ. ತಾಲ್ಲೂಕಿನ ಗಡಿಗೆ ಹೊಂದಿಕೊಂಡೇ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವೂ ಇದೆ. ನಾವು ಹೋಗಿ ಕಂಡದ್ದನ್ನು ಇಲ್ಲಿ ವಿವರಿಸಿದ್ದೇವೆ. ಆ ಹಗ್ಗದ ಕೆಳಗೆ ನಿಂತಾಗ ನಮ್ಮ ತೋಟಗಳ ಬಗ್ಗೆ ಎದ್ದ ಒಂದು ಪ್ರಶ್ನೆಯನ್ನೂ ಬೆಳೆಗಾರರ ಮುಂದೆ ಇಡಬೇಕಾಗಿದೆ.

ಮದ್ದೂರಿನ ದಾರಿಯಲ್ಲಿ

ಮಂಡ್ಯದಿಂದ ಹೊರಟವರು ಮದ್ದೂರಿನಲ್ಲಿ ವಡೆ ತಿಂದು ಕಾಫಿ ಕುಡಿದು ಮುಂದೆ ಹೋಗುವುದು ವಾಡಿಕೆ. ನಾವೂ ಹಾಗೆಯೇ ಮಾಡಿದೆವು. ಆದರೆ ಬೆಳೆಗಾರರು ಮದ್ದೂರಿನಲ್ಲಿ ನೋಡಲೇಬೇಕಾದದ್ದು ಎಳನೀರು ಮಾರುಕಟ್ಟೆ. ದೇಶದ ಬಲು ದೊಡ್ಡ ಎಳನೀರು ಮಾರುಕಟ್ಟೆಗಳಲ್ಲಿ ಇದೂ ಒಂದು. ಇಲ್ಲಿಂದ ಲಾರಿಗಟ್ಟಲೆ ಎಳನೀರು ಹೊರ ರಾಜ್ಯಗಳಿಗೆ ಹೋಗುತ್ತದೆ. ಬಲಿತ ತೆಂಗಿನಕಾಯಿಯನ್ನು ಮರದಿಂದ ಕೆಡವಬಹುದು. ಎಳನೀರನ್ನು ಹಾಗೆ ಕೆಡವಿದರೆ ಒಡೆದುಹೋಗುತ್ತದೆ. ಆದ್ದರಿಂದ ಗೊನೆಗೆ ಹಗ್ಗ ಕಟ್ಟಿ ಇಳಿಬಿಡುತ್ತಾರೆ. ರಾಶಿಯಲ್ಲಿರುವ ಒಂದೊಂದು ಗೊನೆಯ ಹಿಂದೆಯೂ ಮರದ ಮೇಲೆ ನಿಂತು ಹಗ್ಗ ಹಿಡಿದ ಒಬ್ಬ ಮನುಷ್ಯನಿದ್ದಾನೆ. ಈ ಮಾತು ಮುಂದೆ ಬೇಕಾಗುತ್ತದೆ.

ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಹಲಗೂರು. ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆಗಳ ಹಸುರು ಹಲಗೂರು ದಾಟಿದ ಮೇಲೆ ಕಡಿಮೆಯಾಗಿ ಕುರುಚಲು ಕಾಡು ಮೊದಲಾಗುತ್ತದೆ. ಇದು ನಮ್ಮ ಮಲೆನಾಡಿನ ನಿತ್ಯಹರಿದ್ವರ್ಣದ ಕಾಡಲ್ಲ. ಬೇಸಗೆಯಲ್ಲಿ ಎಲೆ ಉದುರಿಸುವ ಒಣ ಕಾಡು. ಹೊಳೆಯ ಅಂಚಿಗೆ ಬಂದಾಗ ಮಾತ್ರ ಹೊಳೆಮತ್ತಿ, ನೇರಳೆ, ಹುಣಸೆ ಮರಗಳ ದಟ್ಟ ನೆರಳು ಸಿಗುತ್ತದೆ. 1987ರಲ್ಲಿ ಈ ಪ್ರದೇಶವನ್ನು ಕಾವೇರಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು. ಆನೆ, ಮೊಸಳೆ, ನೀರುನಾಯಿಗಳಲ್ಲದೆ ಬೇರೆಡೆ ಅಪರೂಪವಾದ ಬೂದು ಬಣ್ಣದ ದೊಡ್ಡ ಅಳಿಲೂ ಇಲ್ಲಿದೆ.

ಭೀಮೇಶ್ವರಿ

ಹೊಳೆಯ ದಂಡೆಯಲ್ಲಿರುವ ಭೀಮೇಶ್ವರಿಯ ಶಿಬಿರವನ್ನು ನಡೆಸುತ್ತಿರುವುದು 1980ರಲ್ಲಿ ಆರಂಭವಾದ ಜಂಗಲ್ ಲಾಡ್ಜಸ್ ಸಂಸ್ಥೆ. ಈಗ ಇದು ರಾಜ್ಯ ಸರ್ಕಾರದ ಉದ್ಯಮ. ಭೀಮೇಶ್ವರಿಗೆ ಮೊದಲು ಹೆಸರು ಬಂದದ್ದು ಮೀನಿನಿಂದ. ಕಾವೇರಿಯ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು, ತೂಕ ನೋಡಿ, ಮತ್ತೆ ನೀರಿಗೆ ಬಿಡುವ ಆಟಕ್ಕಾಗಿ ವಿದೇಶಗಳಿಂದಲೂ ಜನ ಬರುತ್ತಿದ್ದರು. ಅಭಯಾರಣ್ಯದಲ್ಲಿ ಗಾಳ ಹಾಕುವುದಕ್ಕೆ ತಡೆ ಬಂದ ಮೇಲೆ ಅದು ನಿಂತಿತು. ಬೆನ್ನು ಉಬ್ಬಿದ ಈ ಮಹಶೀರ್ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ಈಗ ಶಿಬಿರದಲ್ಲಿ ಹರಿಗೋಲು, ಕಾಯಕ್ ದೋಣಿ, ಕಾಡಿನ ನಡಿಗೆ ಮತ್ತು ಹಗ್ಗದ ಆಟಗಳಿವೆ. ಹೋಗುವವರು ಮುಂಚಿತವಾಗಿ ಕಾದಿರಿಸಿಕೊಳ್ಳುವುದು ಒಳ್ಳೆಯದು.

ಹಗ್ಗದ ಆಟಗಳಲ್ಲಿ ಎಲ್ಲರೂ ಬಯಸುವುದು ಜಿಪ್‌ಲೈನ್. ಎತ್ತರದ ಒಂದು ಕಟ್ಟೆಯಿಂದ ತಗ್ಗಿನ ಇನ್ನೊಂದು ಕಡೆಗೆ ಉಕ್ಕಿನ ತಂತಿಹಗ್ಗ ಬಿಗಿದಿರುತ್ತಾರೆ. ಅದರ ಮೇಲೆ ರಾಟೆ, ರಾಟೆಗೆ ಜೋತುಬಿದ್ದ ಮನುಷ್ಯ. ಯಂತ್ರವಿಲ್ಲ, ಇಂಧನವಿಲ್ಲ, ನಮ್ಮ ಮೈತೂಕವೇ ನಮ್ಮನ್ನು ಎಳೆದೊಯ್ಯುತ್ತದೆ. ಈ ಆಟಕ್ಕೂ ಕಾಫಿಯ ನಾಡಿಗೂ ನಂಟಿದೆ. 1970ರ ದಶಕದಲ್ಲಿ ಡೊನಾಲ್ಡ್ ಪೆರ್ರಿ ಎಂಬ ಅಮೆರಿಕದ ಜೀವವಿಜ್ಞಾನಿ ಕೋಸ್ಟರಿಕ ದೇಶದ ಮಳೆಕಾಡಿನಲ್ಲಿ ಮರಗಳ ನೆತ್ತಿಯ ಜೀವಿಗಳನ್ನು ಅಭ್ಯಸಿಸಲು ಹಗ್ಗ ಕಟ್ಟಿ ಓಡಾಡಿದರು. ಮುಂದೆ 1990ರ ದಶಕದಲ್ಲಿ ಅದೇ ದೇಶದಲ್ಲಿ ಅದು ಪ್ರವಾಸಿಗರ ಆಟವಾಗಿ ಜಗತ್ತಿಗೆಲ್ಲ ಹಬ್ಬಿತು.

ಹಗ್ಗ ಏರುವ ಮುನ್ನ

ಜಾರುವ ಹೊತ್ತು ಒಂದು ನಿಮಿಷವೂ ಇರುವುದಿಲ್ಲ. ಅದಕ್ಕೆ ಮುಂಚಿನ ಸಿದ್ಧತೆಯೇ ಬಹಳ ಹೊತ್ತು ಹಿಡಿಯುತ್ತದೆ, ನಮ್ಮ ಗಮನ ಸೆಳೆದದ್ದೂ ಅದೇ. ಮೊದಲು ಸೊಂಟ ಮತ್ತು ಎರಡೂ ತೊಡೆಗಳನ್ನು ಬಳಸುವ ಗಟ್ಟಿ ಪಟ್ಟಿ ತೊಡಿಸುತ್ತಾರೆ. ತಲೆಗೆ ಹೆಲ್ಮೆಟ್. ಪಟ್ಟಿಯ ಒಂದೊಂದು ಬಿಗಿಯನ್ನೂ ಮಾರ್ಗದರ್ಶಿ ಎಳೆದು ನೋಡುತ್ತಾನೆ. ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿಗೆ ತಿರುಪಿನ ಬೀಗವಿರುತ್ತದೆ. ಅದು ತಾನಾಗಿ ಬಿಚ್ಚಿಕೊಳ್ಳಲಾರದು. ಮುಖ್ಯ ಕೊಂಡಿಯಲ್ಲದೆ ಇನ್ನೊಂದು ಕೊಂಡಿಯೂ ಉಂಟು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕು ಎಂಬುದು ಲೆಕ್ಕ.

ಮರದಿಂದ ಮರಕ್ಕೆ ಹಗ್ಗದ ಸೇತುವೆಯಲ್ಲಿ ನಡೆಯುವವರಿಗೆ ಇನ್ನೊಂದು ನಿಯಮವಿದೆ. ಮುಂದಿನ ಹಗ್ಗಕ್ಕೆ ಒಂದು ಕೊಂಡಿ ಸಿಕ್ಕಿಸಿದ ಹೊರತು ಹಿಂದಿನ ಹಗ್ಗದ ಕೊಂಡಿಯನ್ನು ಬಿಚ್ಚಕೂಡದು. ಒಂದು ಗಳಿಗೆಯೂ ಮನುಷ್ಯ ಆಸರೆಯಿಲ್ಲದೆ ಇರಬಾರದು. ಇದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ದೊಡ್ಡ ಮನುಷ್ಯರು ಬಂದರೂ ಇದೇ ಕ್ರಮ. ಕೇಂದ್ರ ಪ್ರವಾಸೋದ್ಯಮ ಇಲಾಖೆ 2018ರಲ್ಲಿ ಸಾಹಸ ಪ್ರವಾಸಗಳಿಗೆ ಸುರಕ್ಷತಾ ಮಾರ್ಗಸೂಚಿಗಳನ್ನು ಹೊರಡಿಸಿದೆ. ಕೊಡಗಿನ ಹೆಮ್ಮೆಯ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ನಮ್ಮ ರಾಜ್ಯದಲ್ಲಿ ತರಬೇತಿ ಕೊಡುತ್ತದೆ.

ಒಂದು ನಿಮಿಷದ ಮೋಜಿಗೆ ಇಷ್ಟು ಕಟ್ಟುಪಾಡು. ಹಾಗಾದರೆ ದಿನವಿಡೀ ಮರದ ಮೇಲಿರುವ ನಮ್ಮ ಕೊನೆಗಾರನಿಗೆ ನಾವು ಏನು ಕೊಟ್ಟಿದ್ದೇವೆ? ಈ ಪ್ರಶ್ನೆಯೊಡನೆಯೇ ನಾವು ಗಗನಚುಕ್ಕಿಯ ಕಡೆಗೆ ಹೊರಟೆವು.

ಶಿವನಸಮುದ್ರದ ದ್ವೀಪ

ಮಳವಳ್ಳಿಗೆ ಮರಳಿ ದಕ್ಷಿಣಕ್ಕೆ ಹೋದರೆ ಶಿವನಸಮುದ್ರ. ಇಲ್ಲಿ ಕಾವೇರಿ ಎರಡು ಕವಲಾಗಿ ದ್ವೀಪವೊಂದನ್ನು ಬಳಸುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕುತ್ತದೆ. ದ್ವೀಪದಲ್ಲಿರುವ ರಂಗನಾಥನನ್ನು ಮಧ್ಯರಂಗನೆಂದು ಕರೆಯುತ್ತಾರೆ. ಆದಿರಂಗ ಶ್ರೀರಂಗಪಟ್ಟಣದಲ್ಲಿ, ಅಂತ್ಯರಂಗ ಶ್ರೀರಂಗದಲ್ಲಿ. ಗಗನಚುಕ್ಕಿಯ ಎತ್ತರ ಸುಮಾರು 300 ಅಡಿ. ಬಂಡೆಗಳ ಮೇಲೆ ಹಲವು ಎಳೆಗಳಾಗಿ ಇಳಿಯುವ ನೀರನ್ನು ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದ ಚೆನ್ನಾಗಿ ನೋಡಬಹುದು. ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ಅಲ್ಲಿ ಮೆಟ್ಟಿಲಿಳಿದು ಕೆಳಗೆ ಹೋಗಬಹುದಾದರೂ ಹೊಳೆ ಹೆಚ್ಚಿದಾಗ ಬಿಡುವುದಿಲ್ಲ.

ಈ ನೀರು ನಮ್ಮದೇ ನೀರು ಎಂಬುದನ್ನು ಸದಸ್ಯರು ನೆನಪಿಡಬೇಕು. ಕಾವೇರಿ ಕೊಡಗಿನ ಕಾಫಿ ತೋಟಗಳ ನಡುವಿನಿಂದ ಬರುತ್ತಾಳೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯಲ್ಲಿ. ತಿರುಮಕೂಡಲಿನಲ್ಲಿ ಸೇರುವ ಕಪಿಲೆ ಬರುವುದು ವಯನಾಡಿನಿಂದ. ಮೂರೂ ಕಾಫಿ ಬೆಳೆಯುವ ಗುಡ್ಡಗಳೇ. ಅಲ್ಲಿ ಜಡಿಮಳೆ ಹಿಡಿದು, ಕನ್ನಂಬಾಡಿ ಕಟ್ಟೆ 124.80 ಅಡಿಗೆ ತುಂಬಿ, ಕಬಿನಿಯೂ ತುಂಬಿ ನೀರು ಬಿಟ್ಟರೆ, ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ನೀರಿನೊಳಗಿರಬಹುದು. ಆಕಾಶ ನೋಡಿ ಹೊಳೆಯನ್ನು ಅಳೆಯುವ ಪರಸ್ಥಳದವರಿಗೆ ಇದು ತಿಳಿಯುವುದಿಲ್ಲ. ಗಗನಚುಕ್ಕಿಯಲ್ಲೂ, ಭೀಮೇಶ್ವರಿಗೆ ಸಮೀಪದ ಮುತ್ತತ್ತಿಯಲ್ಲೂ ಎಚ್ಚರಿಕೆಯ ಫಲಕ ಮೀರಿ ನೀರಿಗಿಳಿದು ಜೀವ ಕಳೆದುಕೊಂಡವರು ಅನೇಕರು. ಮುತ್ತತ್ತಿಯಲ್ಲಿ ಸೀತಮ್ಮನ ಮುತ್ತಿನ ಉಂಗುರ ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟನೆಂದು ಕಥೆ. ಅಲ್ಲಿನ ಸುಳಿ ಎಂಥದೆಂದು ಹಿಂದಿನವರಿಗೂ ಗೊತ್ತಿತ್ತೆಂದು ಕಾಣುತ್ತದೆ.

ಜಲಪಾತದ ಬಳಿಯೇ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ವಿದ್ಯುದಾಗಾರವಿದೆ. 1902ರಲ್ಲಿ ಇಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಕಡಿದಾದ ಇಳಿಜಾರಿನ ಕೆಳಗಿರುವ ಈ ಆಗಾರಕ್ಕೆ ಇಳಿಯಲು ಉಕ್ಕಿನ ಹಗ್ಗ ಎಳೆಯುವ ಟ್ರಾಲಿಯನ್ನು ಮಾಡಿದ್ದರು. ಎತ್ತರದಲ್ಲಿ ಕೆಲಸ ಮಾಡುವವನಿಗೆ ಆಸರೆ ಒದಗಿಸುವುದು ಕೆಲಸ ಮಾಡಿಸುವವನ ಹೊಣೆ ಎಂಬುದು ಹೊಸ ಮಾತೇನೂ ಅಲ್ಲ.

ನಮ್ಮ ತೋಟದ ಹಗ್ಗ

ಜಿಪ್‌ಲೈನ್ ಅಡಿಕೆ ಬೆಳೆಗಾರರಿಗೆ ಹೊಸತೇ? ಮಲೆನಾಡಿನ ತೋಟದಲ್ಲಿ ಕೊನೆಗಾರ ಮರದ ತುದಿಯಿಂದ ನೇಣು ಇಳಿಬಿಡುತ್ತಾನೆ. ಕೆಳಗೊಬ್ಬ ಅದನ್ನು ಎಳೆದು ಬಿಗಿಹಿಡಿಯುತ್ತಾನೆ. ಕೊಯ್ದ ಕೊನೆ ನೇಣಿನ ಮೇಲೆ ಸರ್ರನೆ ಜಾರಿ ಅವನ ಕೈಗೆ ಬರುತ್ತದೆ. ಒಂದು ಕಾಯಿಯೂ ಉದುರುವುದಿಲ್ಲ. ಭೀಮೇಶ್ವರಿಯಲ್ಲಿ ಕಂಡದ್ದು ಇದೇ ವಿದ್ಯೆ. ವ್ಯತ್ಯಾಸವಿಷ್ಟೆ: ಅಲ್ಲಿ ಹಗ್ಗ ಮನುಷ್ಯನನ್ನು ಕಾಯುತ್ತದೆ, ಇಲ್ಲಿ ಅದು ಕಾಯುವುದು ಅಡಿಕೆಯನ್ನು.

ಕೊನೆಗಾರನ ಮೈಮೇಲೆ ಏನಿದೆ? ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ. ಐವತ್ತು-ಅರವತ್ತು ಅಡಿ ಮೇಲೆ ಮರವನ್ನು ಬಾಗಿಸಿ, ಪಕ್ಕದ ಮರ ಹಿಡಿದು ದಾಟುತ್ತಾನೆ. ಆ ದಾಟುವ ಗಳಿಗೆಯಲ್ಲಿ ಅವನ ಎರಡು ಕೈಗಳ ಹೊರತು ಬೇರೆ ಆಸರೆಯಿಲ್ಲ. ಕೊಳೆರೋಗದ ಕಾಲದಲ್ಲಂತೂ ಬೋರ್ಡೊ ದ್ರಾವಣ ಸಿಂಪಡಿಸಲು ಪಾಚಿಗಟ್ಟಿದ ಒದ್ದೆ ಮರವನ್ನೇ ಹತ್ತಬೇಕು. ಕಾಫಿ ತೋಟಗಳ ಸ್ಥಿತಿಯೂ ಬೇರೆಯಲ್ಲ. ನೆರಳು ಮರದ ಕೊಂಬೆ ಸವರುವವನು, ಒಂಟಿ ಬಿದಿರಿನ ಏಣಿಯ ಮೇಲೆ ನಿಂತು ಸಿಲ್ವರ್ ಓಕಿನಿಂದ ಮೆಣಸು ಬಿಡಿಸುವವನು, ಇವರಿಗೂ ಯಾವ ಪಟ್ಟಿಯೂ ಇಲ್ಲ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲಿ ಸತ್ತ ಕಾರ್ಮಿಕರ ಸುದ್ದಿ ಕೊಯ್ಲಿನ ಕಾಲದಲ್ಲಿ ಮತ್ತೆ ಮತ್ತೆ ಬರುತ್ತದೆ.

ಮರದಿಂದ ಬಿದ್ದವನು ಬದುಕಿದರೂ ಬೆನ್ನುಮೂಳೆ ಮುರಿದು ಮಲಗಿದರೆ ಆ ಮನೆಯ ಅನ್ನ ನಿಂತಂತೆ. ಕೊನೆಗಾರರು ಸಿಗುವುದಿಲ್ಲ, ಅವರ ಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ ಎಂದು ನಾವು ಸಭೆಗಳಲ್ಲಿ ಕೊರಗುತ್ತೇವೆ. ತಂದೆ ಬಿದ್ದದ್ದನ್ನು ಕಂಡ ಮಗ ಏಕೆ ಬಂದಾನು?

ಏನು ಮಾಡಬಹುದು

ಅಡಿಕೆ ಮರಕ್ಕೆ ಮೇಲಿನಿಂದ ಹಗ್ಗ ಇಳಿಬಿಡಲು ಆಧಾರವಿಲ್ಲ, ಮರವೇ ಆಧಾರ. ಆದ್ದರಿಂದ ಮೈಪಟ್ಟಿಗೆ ಎರಡು ಬಳ್ಳಿಗಳಿದ್ದು, ಎರಡೂ ಮರವನ್ನು ಸುತ್ತುವಂತಿರಬೇಕು. ಪಕ್ಕದ ಮರಕ್ಕೆ ಒಂದನ್ನು ಸಿಕ್ಕಿಸಿದ ಮೇಲೆಯೇ ಹಿಂದಿನದನ್ನು ಬಿಚ್ಚಬೇಕು. ಭೀಮೇಶ್ವರಿಯ ನಿಯಮವೇ ಇದು. ಮೈಪಟ್ಟಿ ಕೊಳ್ಳುವಾಗ ಐಎಸ್ 3521 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿ ಕೊಳ್ಳತಕ್ಕದ್ದು. ಹೊಲಿಗೆ ಬಿಟ್ಟ, ಬಿಸಿಲಿಗೆ ಬಣ್ಣಗೆಟ್ಟ ಪಟ್ಟಿಯನ್ನು ಉಳಿತಾಯವೆಂದು ಇಟ್ಟುಕೊಳ್ಳಬಾರದು.

ಪಟ್ಟಿ ಕಟ್ಟಿದರೆ ಕೆಲಸ ನಿಧಾನವಾಗುವುದು ನಿಜ. ಕೊನೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೊನೆಗಾರನೇ ಪಟ್ಟಿ ಬಿಚ್ಚಿ ಎಸೆಯುತ್ತಾನೆ. ಆದ್ದರಿಂದ ಪಟ್ಟಿ ಕಟ್ಟಿ ಹತ್ತುವವನಿಗೆ ದಿನದ ಲೆಕ್ಕದಲ್ಲಿ ಕೂಲಿ ಕೊಡುವುದು ನ್ಯಾಯ. ಪಟ್ಟಿಯ ಖರ್ಚು ಮಾಲೀಕರದ್ದು. ಚಿಕ್ಕ ಹಿಡುವಳಿದಾರರು ಒಂಟಿಯಾಗಿ ಕೊಳ್ಳಲಾರದಿದ್ದರೆ ಸಹಕಾರ ಸಂಘಗಳು ಕೊಂಡಿಟ್ಟು, ಸ್ಪ್ರೇಯರ್ ಕೊಡುವಂತೆ ಬಾಡಿಗೆಗೆ ಕೊಡಬಹುದು. ಸಹಕಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಕಾಣುವುದಿಲ್ಲ.

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅನೇಕರು ನೆಲದ ಮೇಲೆ ನಿಂತೇ ಕೊಯ್ಲು, ಸಿಂಪಡಣೆ ಮಾಡುತ್ತಿದ್ದಾರೆ. ಸಾಧ್ಯವಿದ್ದಲ್ಲಿ ಇದೇ ಮೇಲು. ಆದರೆ ಕಾರ್ಬನ್ ಫೈಬರಿನಲ್ಲಿಯೂ ವಿದ್ಯುತ್ ಹರಿಯುತ್ತದೆಂಬುದನ್ನು ಮರೆಯಬಾರದು. ತಂತಿ ಹಾದಿರುವ ಸಾಲಿನಲ್ಲಿ ಅಲ್ಯೂಮಿನಿಯಂ ಏಣಿಯಾಗಲಿ ಈ ದೋಟಿಯಾಗಲಿ ಕೂಡದು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರ ಹತ್ತುವವರಿಗೆ ತರಬೇತಿ ಕೊಡಲು ತೊಡಗಿತು. ಕೇರ ಸುರಕ್ಷಾ ಎಂಬ ಅದರ ವಿಮೆಯೂ ಉಂಟು. ತೆಂಗಿನ ಮರ ಹತ್ತುವ ನಿಮ್ಮವರ ಹೆಸರು ಅದರಲ್ಲಿದೆಯೇ ವಿಚಾರಿಸಿರಿ. ಅಡಿಕೆ ಕೊನೆಗಾರನಿಗೆ ಅಪಘಾತ ವಿಮೆಯ ಕಂತನ್ನು ಕೊಯ್ಲಿನ ಮುಂಗಡದೊಡನೆ ಮಾಲೀಕರೇ ಕಟ್ಟಿದರೆ ಹೊರೆಯಾಗದು.

ತೋಟದ ಮನೆಗೆ ಅತಿಥಿಗಳನ್ನು ಕರೆಯುತ್ತಿರುವ ಕೆಲವು ಸದಸ್ಯರಿಗೆ ತಾವೂ ಒಂದು ಹಗ್ಗ ಕಟ್ಟುವ ಆಸೆ ಇರಬಹುದು. ಗಾಳಿಗೆ ಮುರಿಯುವ ಸಿಲ್ವರ್ ಓಕಿಗೆ ತಂತಿ ಬಿಗಿದು ಜನರನ್ನು ಹತ್ತಿಸುವುದು ಸಲ್ಲದು. ಬಲ್ಲವರಿಂದ ಕಟ್ಟಿಸಿ, ತರಬೇತಾದವರನ್ನು ನಿಲ್ಲಿಸಲು ಆಗದಿದ್ದರೆ ಆ ಯೋಚನೆಯನ್ನೇ ಬಿಡುವುದು ಕ್ಷೇಮ.

ಭೀಮೇಶ್ವರಿ, ಗಗನಚುಕ್ಕಿಗಳಿಗೆ ಸದಸ್ಯರು ಅವಶ್ಯವಾಗಿ ಹೋಗಿಬರಲಿ. ಹೋಗುವಾಗ ಸಾಧ್ಯವಾದರೆ ತೋಟದ ಕೊನೆಗಾರನನ್ನೂ ಅವನ ಮಗನನ್ನೂ ಕರೆದೊಯ್ಯಿರಿ. ಪಟ್ಟಿ ತೊಟ್ಟು, ಕೊಂಡಿ ಸಿಕ್ಕಿಸಿಕೊಂಡು ಒಮ್ಮೆ ಅವರೂ ಜಾರಲಿ. ಈ ಕೊಯ್ಲಿಗೆ ಅಂಥದೇ ಪಟ್ಟಿಯನ್ನು ನೀವು ತಂದುಕೊಟ್ಟಾಗ ಅದನ್ನು ಹೇಗೆ ಕಟ್ಟಬೇಕೆಂದು ಅವರಿಗೆ ಬೇರೆ ಹೇಳಬೇಕಾಗುವುದಿಲ್ಲ.