ವೇಗ ಹೆಚ್ಚಿಸಿದ ಪ್ರೊಸೆಸರ್: ತಾಪ ಎಷ್ಟು, ನಂಬಿಕೆ ಎಷ್ಟು?

ಗಣಕದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ಆವೃತ್ತಿಗಿಂತ ಹೆಚ್ಚಿನ ಆವೃತ್ತಿಯಲ್ಲಿ ದುಡಿಸುವುದಕ್ಕೆ 'ಓವರ್‌ಕ್ಲಾಕಿಂಗ್' ಎನ್ನುತ್ತಾರೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರಾದ ಉದಾಹರಣೆ. ಮದರ್‌ಬೋರ್ಡ್ ಒದಗಿಸುವ 66.7 ಮೆಗಾಹರ್ಟ್ಸ್ ಆವೃತ್ತಿಯನ್ನು ಅದು 4.5ರಿಂದ ಗುಣಿಸಿಕೊಂಡು 300 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿತ್ತು. ಮದರ್‌ಬೋರ್ಡಿನ ಆವೃತ್ತಿಯನ್ನು 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದೇ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಹೆಚ್ಚಿನ ಖರ್ಚಿಲ್ಲದೆ ಒಂದೂವರೆ ಪಟ್ಟು ವೇಗ!

ಆದರೆ ಗಣಕ ಓಡುವುದು ಬೇರೆ, ಸರಿಯಾದ ಉತ್ತರ ಕೊಡುವುದು ಬೇರೆ. ಪರದೆ ಸ್ತಬ್ಧವಾದರೆ ಅಥವಾ ಗಣಕ ತಾನಾಗಿ ಮರುಪ್ರಾರಂಭವಾದರೆ ದೋಷ ಇದೆಯೆಂದು ಯಾರಿಗೂ ತಿಳಿಯುತ್ತದೆ. ಸದ್ದಿಲ್ಲದೆ ಒಂದು ಬಿಟ್ ಮಾತ್ರ ತಪ್ಪಾದರೆ? ವೇಗ ಹೆಚ್ಚಿಸಿದ ಪ್ರೊಸೆಸರಿನ ಸ್ಥಿರತೆಯನ್ನು ಪರೀಕ್ಷಿಸುವುದು ಎಂದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದು.

ವೇಗಕ್ಕೆ ಮಿತಿ ಏಕೆ?

ಪ್ರೊಸೆಸರಿನ ಪ್ರತಿಯೊಂದು ಹೆಜ್ಜೆಯೂ ಗಡಿಯಾರದ ಒಂದು ಮಿಡಿತದೊಳಗೆ ಮುಗಿಯಬೇಕು. 4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಒಂದು ಮಿಡಿತದ ಅವಧಿ 250 ಪಿಕೊಸೆಕೆಂಡು. 5 ಗಿಗಾಹರ್ಟ್ಸ್‌ನಲ್ಲಿ 200 ಪಿಕೊಸೆಕೆಂಡು. ಇಷ್ಟು ಕಾಲದಲ್ಲಿ ಬೆಳಕೇ ನಿರ್ವಾತದಲ್ಲಿ 6 ಸೆಂಟಿಮೀಟರು ಮಾತ್ರ ಸಾಗುತ್ತದೆ. ಅಷ್ಟರೊಳಗೆ ಸಂಜ್ಞೆಯು ಒಂದರ ಹಿಂದೊಂದರಂತೆ ಹಲವು ಟ್ರಾನ್ಸಿಸ್ಟರ್ ದ್ವಾರಗಳನ್ನು ದಾಟಿ, 0 ಅಥವಾ 1 ಎಂದು ನಿಶ್ಚಿತವಾಗಿ ನೆಲೆಗೊಳ್ಳಬೇಕು. ತಡವಾದರೆ ಮುಂದಿನ ಮಿಡಿತವು ಹಳೆಯ ಅಥವಾ ಅರೆಬರೆ ಮೌಲ್ಯವನ್ನೇ ದಾಖಲಿಸಿಕೊಳ್ಳುತ್ತದೆ. ಅದೇ ದೋಷ.

ಎಲ್ಲ ಹಾದಿಗಳ ಉದ್ದವೂ ಒಂದೇ ಅಲ್ಲ. ಆದ್ದರಿಂದ ಆವೃತ್ತಿ ಏರಿದಂತೆ ಮೊದಲು ಸೋಲುವುದು ಅತ್ಯಂತ ನಿಧಾನವಾದ ಹಾದಿ. ಅದು ಎಲ್ಲ ಲೆಕ್ಕಗಳಲ್ಲಿಯೂ ಬಳಕೆಯಾಗುವುದಿಲ್ಲ. ದಿನವಿಡೀ ಪತ್ರ ಬೆರಳಚ್ಚು ಮಾಡಿದರೂ ಕಾಣದ ದೋಷ ದೊಡ್ಡ ಗುಣಾಕಾರವೊಂದರಲ್ಲಿ ಕಾಣಿಸಬಹುದು.

ವೋಲ್ಟೇಜನ್ನು ಏರಿಸಿದರೆ ಟ್ರಾನ್ಸಿಸ್ಟರುಗಳು ಬೇಗ ಸ್ಥಿತಿ ಬದಲಿಸುತ್ತವೆ, ವಿಳಂಬ ತಗ್ಗುತ್ತದೆ. ಓವರ್‌ಕ್ಲಾಕಿಂಗ್ ಮಾಡುವವರು ಹಿಡಿಯುವ ದಾರಿ ಇದೇ. ಇದಕ್ಕೆ ತೆರಬೇಕಾದ ಬೆಲೆ ಉಷ್ಣ.

ಉಷ್ಣದ ಲೆಕ್ಕ

ಪ್ರೊಸೆಸರಿನೊಳಗೆ ಪ್ರತಿ ಮಿಡಿತಕ್ಕೂ ಅಸಂಖ್ಯ ಸೂಕ್ಷ್ಮ ಧಾರಕಗಳು ವಿದ್ಯುದಾವಿಷ್ಟಗೊಂಡು ಬರಿದಾಗುತ್ತಿರುತ್ತವೆ. ಇದಕ್ಕೆ ವ್ಯಯವಾಗುವ ಸಾಮರ್ಥ್ಯವು ಆವೃತ್ತಿಗೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ:

ಸಾಮರ್ಥ್ಯ ∝ ಧಾರಕತೆ × (ವೋಲ್ಟೇಜ್)² × ಆವೃತ್ತಿ

ಒಂದು ಪ್ರೊಸೆಸರ್ 4.0 ಗಿಗಾಹರ್ಟ್ಸ್, 1.20 ವೋಲ್ಟ್‌ನಲ್ಲಿ 65 ವಾಟ್ ಬಳಸುತ್ತದೆ ಎಂದುಕೊಳ್ಳೋಣ. ಆವೃತ್ತಿಯನ್ನು 4.8ಕ್ಕೂ ವೋಲ್ಟೇಜನ್ನು 1.32ಕ್ಕೂ ಏರಿಸಿದರೆ ಸಾಮರ್ಥ್ಯವು 1.2 × 1.1 × 1.1 = 1.45 ಪಟ್ಟಾಗುತ್ತದೆ. ಎಂದರೆ ವೇಗ ಶೇಕಡ 20ರಷ್ಟು ಹೆಚ್ಚಿದಾಗ ಉಷ್ಣ ಶೇಕಡ 45ರಷ್ಟು ಹೆಚ್ಚಿ 94 ವಾಟ್ ಆಯಿತು. ತಾಪದೊಂದಿಗೆ ಏರುವ ಸೋರಿಕೆ ವಿದ್ಯುತ್ತನ್ನು ಇಲ್ಲಿ ಸೇರಿಸಿಲ್ಲ.

ಈ ಉಷ್ಣ ಹೊರಹೋಗುವ ದಾರಿಗೆ ಒಂದು ಉಷ್ಣರೋಧವಿದೆ. ಓಮನ ನಿಯಮದಲ್ಲಿ ವಿದ್ಯುತ್ಪ್ರವಾಹದ ಜಾಗದಲ್ಲಿ ವಾಟ್‌ಗಳನ್ನೂ ವಿಭವಾಂತರದ ಜಾಗದಲ್ಲಿ ತಾಪದ ವ್ಯತ್ಯಾಸವನ್ನೂ ಇಟ್ಟರೆ ಲೆಕ್ಕ ಸಿದ್ಧ. ಹೀಟ್‌ಸಿಂಕ್, ಫ್ಯಾನ್ ಎಲ್ಲ ಸೇರಿ ವಾಟ್‌ಗೆ 0.5 ಡಿಗ್ರಿ ಉಷ್ಣರೋಧ ಇದ್ದರೆ 65 ವಾಟ್‌ಗೆ ತಾಪವು ಕೊಠಡಿಗಿಂತ 32.5 ಡಿಗ್ರಿ ಹೆಚ್ಚು. 94 ವಾಟ್‌ಗೆ 47 ಡಿಗ್ರಿ ಹೆಚ್ಚು. ಕೊಠಡಿ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಪ್ರೊಸೆಸರ್ 72ರಲ್ಲಿರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೊಠಡಿಯೇ 40 ಡಿಗ್ರಿ ತಲಪಿದರೆ 87 ಡಿಗ್ರಿ! ತಾಪ ಏರಿದಾಗ ತಂತಿಗಳ ರೋಧವೂ ಸಾಮಾನ್ಯವಾಗಿ ಸಂಜ್ಞೆಯ ವಿಳಂಬವೂ ಹೆಚ್ಚುತ್ತವೆ. ಹಾಗಾಗಿ ಡಿಸೆಂಬರಿನಲ್ಲಿ ಪಾಸಾದ ಪರೀಕ್ಷೆಯು ಏಪ್ರಿಲ್‌ಗೆ ಅನ್ವಯಿಸದು. ಕೊಠಡಿಯ ತಾಪವನ್ನು ಬರೆದಿಡದ ಪ್ರೊಸೆಸರ್ ತಾಪ ಅರ್ಧ ಮಾಹಿತಿ ಮಾತ್ರ.

ತಾಪವನ್ನು ಅಳೆಯುವ ಬಗೆ

ಪ್ರೊಸೆಸರಿನ ಸಿಲಿಕಾನ್ ಬಿಲ್ಲೆಯಲ್ಲಿಯೇ ತಾಪ ಸಂವೇದಕಗಳಿರುತ್ತವೆ. ಸ್ಥಿರ ವಿದ್ಯುತ್ಪ್ರವಾಹ ಹರಿಯುವ ಸಿಲಿಕಾನ್ ಸಂಧಿಯ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ ಎಂಬ ಗುಣವನ್ನು ಇಂಥ ಸಂವೇದಕಗಳಲ್ಲಿ ಬಳಸಿಕೊಳ್ಳಲಾಗುತ್ತದೆ. ಹೆಚ್‌ಡಬ್ಲ್ಯುಇನ್ಫೊ ಅಥವಾ ಲಿನಕ್ಸ್‌ನ ಎಲ್‌ಎಂ-ಸೆನ್ಸರ್ಸ್‌ನಂಥ ತಂತ್ರಾಂಶಗಳು ಈ ಅಳತೆಯನ್ನು ತೋರಿಸುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಕಾಲದ ವಿಚಾರ. ಲೆಕ್ಕ ಪ್ರಾರಂಭವಾದ ಕೂಡಲೇ ಬಿಲ್ಲೆ ಬಿಸಿಯಾಗುತ್ತದೆ. ಲೋಹದ ಹೀಟ್‌ಸಿಂಕ್ ಬಿಸಿಯಾಗಲು ನಿಮಿಷಗಳು ಬೇಕು. ಪೆಟ್ಟಿಗೆಯೊಳಗಿನ ಗಾಳಿ ಮತ್ತು ಕೊಠಡಿಗೆ ಇನ್ನೂ ಹೆಚ್ಚು ಕಾಲ ಬೇಕು. ತಾಪದ ನಕ್ಷೆ ಮಟ್ಟಸವಾಗುವ ತನಕ ಕಾಯದಿದ್ದರೆ ಅಳತೆ ಗರಿಷ್ಠವಾದುದಲ್ಲ.

ಎರಡನೆಯದು, ನಿಗದಿತ ಮಿತಿಯನ್ನು ಮುಟ್ಟಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ಆವೃತ್ತಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಅನೇಕ ಮಾದರಿಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ. ಆಗ ತಾಪ ಸ್ಥಿರವಾಗಿ ನಿಂತಂತೆ ಕಾಣುತ್ತದೆ, ದೋಷವೂ ಬರುವುದಿಲ್ಲ. ಆದರೆ ಪರೀಕ್ಷೆಗೆ ಒಳಗಾದದ್ದು ನಾವು ಆಯ್ದ ವೇಗವಲ್ಲ! ಆದ್ದರಿಂದ ತಾಪದೊಂದಿಗೆ ಆವೃತ್ತಿಯನ್ನೂ ದಾಖಲಿಸಬೇಕು.

ಉತ್ತರ ತಿಳಿದಿರುವ ಲೆಕ್ಕ

ಉತ್ತರ ಸರಿಯೇ ಎಂದು ನೋಡಬೇಕಾದರೆ ಸರಿಯುತ್ತರ ಮೊದಲೇ ಗೊತ್ತಿರಬೇಕು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳ ಶೋಧ ಯೋಜನೆಯ ಪ್ರೈಮ್95 ತಂತ್ರಾಂಶ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಹಿಂದಿರುವ ಲೂಕಾಸ್-ಲೆಹ್ಮರ್ ಪರೀಕ್ಷೆಯನ್ನು ತರಗತಿಯಲ್ಲಿಯೇ ಮಾಡಿ ನೋಡಬಹುದು. 2⁵ − 1 = 31ನ್ನು ತೆಗೆದುಕೊಳ್ಳಿ. 4ರಿಂದ ಪ್ರಾರಂಭಿಸಿ, ವರ್ಗ ಮಾಡಿ, 2 ಕಳೆದು, 31ರಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಇದನ್ನು ಮೂರು ಸಲ ಮಾಡಿದರೆ 14, 8, 0 ಬರುತ್ತವೆ. ಕೊನೆಗೆ ಸೊನ್ನೆ ಬಂದುದರಿಂದ 31 ಅವಿಭಾಜ್ಯ.

ಈಗ ಮೊದಲ ಹೆಜ್ಜೆಯಲ್ಲಿ ಒಂದೇ ಒಂದು ಬಿಟ್ ತಪ್ಪಿ 14ರ ಬದಲು 15 ಆಯಿತೆನ್ನೋಣ. ಮುಂದಿನ ಶೇಷಗಳು 6 ಮತ್ತು 3. ಸೊನ್ನೆ ಬರಲಿಲ್ಲ, ಅವಿಭಾಜ್ಯ ಸಂಖ್ಯೆಯೊಂದು ಕೈತಪ್ಪಿತು! ಶೋಧ ಯೋಜನೆಯಲ್ಲಿ ಇಂಥ ಹೆಜ್ಜೆಗಳು ಕೋಟಿಗಟ್ಟಲೆ. ಒಂದು ತಪ್ಪೂ ಮುಂದಿನ ಎಲ್ಲ ಹೆಜ್ಜೆಗಳನ್ನು ಕೆಡಿಸುತ್ತದೆ. ಪ್ರೈಮ್95ರ ಪರೀಕ್ಷೆಯು ಮೊದಲೇ ತಿಳಿದಿರುವ ಶೇಷಗಳೊಂದಿಗೆ ಉತ್ತರವನ್ನು ತಾಳೆ ನೋಡುತ್ತದೆ. ಅಲ್ಲದೆ ದೊಡ್ಡ ಗುಣಾಕಾರದ ಫಲಿತಗಳು ಪೂರ್ಣಾಂಕಗಳಿಗೆ ತೀರ ಸಮೀಪವಿರಬೇಕು, ವ್ಯತ್ಯಾಸ 0.4ನ್ನು ಮೀರಿದರೆ ದೋಷವೆಂದು ಸಾರುತ್ತದೆ.

ಈ ಪರೀಕ್ಷೆಯ ಸಣ್ಣ ಗಾತ್ರದ ಲೆಕ್ಕಗಳು ಪ್ರೊಸೆಸರಿನೊಳಗಿನ ಕ್ಯಾಷ್ ಸ್ಮೃತಿಯಲ್ಲಿಯೇ ನಡೆದು ಅತಿ ಹೆಚ್ಚು ಉಷ್ಣ ಹುಟ್ಟಿಸುತ್ತವೆ. ದೊಡ್ಡ ಗಾತ್ರದವು ಹೊರಗಿನ ಸ್ಮೃತಿಯನ್ನೂ ದುಡಿಸುತ್ತವೆ. ಎರಡೂ ಬೇಕು. ಆವೃತ್ತಿಯನ್ನು 100 ಮೆಗಾಹರ್ಟ್ಸ್‌ನಂಥ ಸಣ್ಣ ಹೆಜ್ಜೆಗಳಲ್ಲಿ ಏರಿಸುತ್ತ, ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸುವುದು ಪ್ರಯೋಗಶಾಲೆಯ ಶಿಸ್ತು. ಆವೃತ್ತಿ, ವೋಲ್ಟೇಜ್, ಸ್ಮೃತಿಯ ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷದ ಮೂಲ ತಿಳಿಯದು.

24 ಗಂಟೆ ಸಾಕೆ?

'24 ಗಂಟೆ ಪರೀಕ್ಷಿಸಿದೆ, ಒಂದೂ ದೋಷ ಬರಲಿಲ್ಲ' ಎಂಬ ಮಾತಿಗೆ ಎಷ್ಟು ಬೆಲೆ? ವಿಕಿರಣಪಟು ಕ್ಷಯದಂತೆ ದೋಷಗಳು ಯಾದೃಚ್ಛಿಕವಾಗಿ, ಆದರೆ ಸ್ಥಿರ ಸರಾಸರಿ ದರದಲ್ಲಿ ಬರುತ್ತವೆ ಎಂದು ಭಾವಿಸೋಣ. ಸರಾಸರಿ 8 ಗಂಟೆಗೊಂದು ದೋಷ ಮಾಡುವ ಪ್ರೊಸೆಸರ್ 24 ಗಂಟೆ ದೋಷವಿಲ್ಲದೆ ಓಡುವ ಸಂಭವನೀಯತೆ ಇ⁻³, ಅಂದರೆ ಸುಮಾರು 0.05. ನೂರರಲ್ಲಿ ಐದು ಸಲ ಅಂಥ ಪ್ರೊಸೆಸರೂ ಪಾಸಾಗುತ್ತದೆ! ಹಾಗಾಗಿ ಶೇಕಡ 95ರ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ದೋಷಗಳ ಸರಾಸರಿ ಅಂತರ ಪರೀಕ್ಷಾ ಅವಧಿಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿಲ್ಲ. ಪರೀಕ್ಷೆಯು ದೋಷ ಇದೆಯೆಂದು ಖಚಿತವಾಗಿ ತೋರಿಸಬಲ್ಲದು, ಇಲ್ಲವೆಂದು ಸಾಧಿಸಲಾರದು.

ಇದು ಹವ್ಯಾಸಿಗಳ ಚಿಂತೆ ಮಾತ್ರವಲ್ಲ. ವೇಗ ಹೆಚ್ಚಿಸದ ಪ್ರೊಸೆಸರುಗಳಲ್ಲಿಯೂ ಇಂಥ ಮೌನ ದೋಷಗಳಿವೆ ಎಂದು 2021ರಲ್ಲಿ ಫೇಸ್‌ಬುಕ್ ಮತ್ತು ಗೂಗಲ್‌ನ ತಂತ್ರಜ್ಞರು ಪ್ರಕಟಿಸಿದರು. ಫೇಸ್‌ಬುಕ್ ವರದಿ ಮಾಡಿದ ಪ್ರೊಸೆಸರೊಂದರ ಒಂದು ಭಾಗವು 1.1ರ 53ನೆಯ ಘಾತದ ಪೂರ್ಣಾಂಕವನ್ನು 156ರ ಬದಲು 0 ಎಂದು ಕೊಡುತ್ತಿತ್ತು. ಆ ಲೆಕ್ಕವನ್ನು ಅವಲಂಬಿಸಿದ ಕಡತಗಳು ಕಾಣೆಯಾಗುತ್ತಿದ್ದವು. ಗಣಕ ಮಾತ್ರ ಎಂದಿನಂತೆ ಓಡುತ್ತಿತ್ತು. ತಯಾರಕರು ಬಿಟ್ಟ ಸುರಕ್ಷತಾ ಅಂತರವಿದ್ದೂ ಹೀಗಾದರೆ, ಆ ಅಂತರವನ್ನೇ ವೇಗಕ್ಕಾಗಿ ಖರ್ಚು ಮಾಡಿದಾಗ ಎಚ್ಚರಿಕೆ ಇನ್ನೂ ಹೆಚ್ಚಬೇಕು.

ಆಟದಲ್ಲಿ ಒಂದು ಬಿಂದುವಿನ ಬಣ್ಣ ತಪ್ಪಿದರೆ ನಷ್ಟವಿಲ್ಲ. ಯೋಜನಾ ವರದಿಗಾಗಿ ರಾತ್ರಿಯಿಡೀ ನಡೆಸುವ ಲೆಕ್ಕಾಚಾರದ ಮಾತು ಬೇರೆ. ಅಂಥ ಕೆಲಸಕ್ಕೆ ಪ್ರೊಸೆಸರನ್ನು ನಿಗದಿತ ವೇಗಕ್ಕೆ ಇಳಿಸುವುದು ಲೇಸು. ಸಾಧ್ಯವಿದ್ದರೆ ಮತ್ತೊಂದು ಗಣಕದಲ್ಲಿ ಲೆಕ್ಕವನ್ನು ಪುನಃ ಮಾಡಿ ಉತ್ತರಗಳನ್ನು ತಾಳೆ ನೋಡಬೇಕು. ಅಳತೆಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ಬರೆಯಬೇಕೆಂದು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. 'ಸ್ಥಿರವಾಗಿದೆ' ಎಂಬ ಮಾತಿನ ಜೊತೆಗೂ ಎಷ್ಟು ಗಂಟೆ, ಯಾವ ಲೆಕ್ಕ, ಕೊಠಡಿಯ ತಾಪ ಎಷ್ಟು ಎಂಬ ಮೂರು ವಿವರಗಳು ಇರಲೇಬೇಕು.